'ಡಿಸಗ್ರೀ ಆಂಡ್ ಕಮಿಟ್' ಅಂದರೆ ತೆಪ್ಪಗಿರುವುದಲ್ಲ

ಅಮೆಜಾನ್‌ನ 'ಡಿಸಗ್ರೀ ಆಂಡ್ ಕಮಿಟ್' (ಒಪ್ಪಿಗೆ ಇಲ್ಲದಿದ್ದರೆ ಹೇಳು, ನಿರ್ಧಾರವಾದ ಮೇಲೆ ಪೂರ್ತಿ ಜೊತೆಗಿರು) ಸೂತ್ರ ಅಂದರೆ ಬಾಸ್ ಹೇಳಿದ ಮೇಲೆ ಮಿಕ್ಕವರು ತೆಪ್ಪಗೆ ಕೆಲಸ ಮಾಡಬೇಕು ಅನ್ನೋ ಮಾತು ಪ್ರಾಡಕ್ಟ್ ಮ್ಯಾನೇಜರ್‌ಗಳ ನಡುವೆ ಓಡಾಡುತ್ತಿದೆ. ಇದು ತಪ್ಪು. (ಮೀಟಿಂಗ್‌ನಲ್ಲಿ ಬಾಯಿ ಮುಚ್ಚಿಸೋಕೆ ಇದನ್ನು ಬಳಸುವವರು ಇದ್ದಾರೆ ಬಿಡಿ.) ಒಪ್ಪಿಗೆ ಇಲ್ಲದಿದ್ದರೆ ಮುಜುಗರವಾದರೂ ಹೇಳಲೇಬೇಕು ಅಂತಲೇ ಆ ಸೂತ್ರ ಶುರುವಾಗುತ್ತದೆ.

ಅಮೆಜಾನ್ ಸ್ಥಾಪಕ, ಆಗಿನ ಸಿಇಒ ಜೆಫ್ ಬೆಜೋಸ್ 2016ನೇ ವರ್ಷದ ಷೇರುದಾರರ ಪತ್ರದಲ್ಲಿ ಕೊಟ್ಟ ಉದಾಹರಣೆಯಂತೂ ಪೂರ್ತಿ ಉಲ್ಟಾ. ಸಿನಿಮಾ, ಸರಣಿ ತಯಾರಿಸುವ ಅಮೆಜಾನ್ ಸ್ಟುಡಿಯೋಸ್‌ನ ಒಂದು ಹೊಸ ಕಾರ್ಯಕ್ರಮದ ಬಗ್ಗೆ ಅವರಿಗೆ ಅನುಮಾನವಿತ್ತು. ಅಷ್ಟು ಸ್ವಾರಸ್ಯ ಇದೆಯಾ? ತಯಾರಿಸೋದೂ ತಲೆನೋವು, ವ್ಯವಹಾರದ ಷರತ್ತುಗಳೂ ಅಷ್ಟಕ್ಕಷ್ಟೆ. ತಂಡ ಮಾತ್ರ ಮಾಡೋಣ ಅಂದಿತು. ನನಗೆ ಒಪ್ಪಿಗೆಯಿಲ್ಲ, ಆದರೂ ಜೊತೆಗಿದ್ದೇನೆ ಅಂತ ಬೆಜೋಸ್ ಕೂಡಲೇ ಬರೆದರು. ಬಗ್ಗಿದ್ದು ಬಾಸ್! ತನ್ನನ್ನು ಒಪ್ಪಿಸುತ್ತಾ ಕೂತಿದ್ದರೆ ನಿರ್ಧಾರ ಎಷ್ಟು ತಡವಾಗುತ್ತಿತ್ತು ಯೋಚಿಸಿ ಅಂತಲೂ ಅದೇ ಪತ್ರದಲ್ಲಿ ಬರೆದಿದ್ದಾರೆ.