ನಿಮ್ಮ ಜೀನ್ ಎದ್ದಿದೆಯಾ ಸಾರ್?

ರಾಯಚೂರಿನಲ್ಲಿ ಈಗ ಪುಡಿ ತಿನ್ನಿಸಿ, ಮೈಯೊಳಗೆ ಮಲಗಿರುವ ಜೀನ್‌ಗಳನ್ನು ಎಬ್ಬಿಸಿ ಕೊಡುತ್ತಾರಂತೆ. ಪೇಪರ್ ಬಿಚ್ಚಿದರೆ ಉದುರುವ ಆ ಪಾಂಪ್ಲೆಟ್ಟು ನಿಮಗೂ ಬಂದಿರುತ್ತದೆ. ಬಿಳಿ ಕೋಟು ಹಾಕಿದ ಒಬ್ಬರು, ಬೆನ್ನ ಹಿಂದೆ ತಿರುಚಿಕೊಂಡ ನೀಲಿ ಡಿಎನ್‌ಎ, ಕೆಳಗೆ ಕಲ್ಯಾಣ ಮಂಟಪದ ವಿಳಾಸ. ಡೆಂಗಿ, ಚಿಕೂನ್‌ಗುನ್ಯಾ ಅಷ್ಟೇ ಅಲ್ಲ, ಮುಂದೆ ಬರಲಿರುವ ವೈರಸ್‌ಗಳಿಂದಲೂ ರಕ್ಷಣೆ! ಇನ್ನೂ ಹುಟ್ಟದ ವೈರಸ್‌ಗೂ ಇವರ ಹತ್ತಿರ ಸ್ಟಾಕ್ ರೆಡಿ ಇದೆ. ಒಳಗೆ ಹೋಗೋದು ಉಚಿತ, ಹೊರಗೆ ಬರೋದು ಉಚಿತ ಅಲ್ಲ. ಒಂದು ಡಬ್ಬಿ ಪುಡಿಯ ರೇಟಿಗೆ ಸಿಂಧನೂರಿನ ಸೋನಾ ಮಸೂರಿ 25 ಕೆಜಿ ಚೀಲ ಮನೆಗೆ ಬರುತ್ತದೆ.

ಒಳ್ಳೆ ಕೆಲಸವೇ ಬಿಡಿ. ಈ ಜಿಲ್ಲೆಯಲ್ಲಿ ಎಬ್ಬಿಸಬೇಕಾದವರು ಬೇಕಾದಷ್ಟು ಜನ ಇದ್ದಾರೆ. ಜೀನ್‌ಗಳು ಮಾತ್ರ ಆ ಪಟ್ಟಿಯಲ್ಲಿ ಇಲ್ಲ.

ನನಗೆ ಜಾಸ್ತಿ ಮಜಾ ಕೊಟ್ಟಿದ್ದು ನಮ್ಮ ಓಣಿಯ ಕಾಕಾ. 2021ರಲ್ಲಿ ಇವರು ಲಸಿಕೆಯವರನ್ನು ಕಂಡರೆ ಹಿಂಬಾಗಿಲಿನಿಂದ ಹೊಲಕ್ಕೆ ಹೋಗುತ್ತಿದ್ದರು. ಸೂಜಿ ಹಾಕಿಸಿಕೊಂಡರೆ ಜೀನ್ ಬದಲಾಗುತ್ತದೆ ಅಂತ ಇಡೀ ಕಟ್ಟೆಗೆ ಪಾಠ ಮಾಡಿದ್ದರು. ಈಗ ಎರಡು ಡಬ್ಬಿ ಹಿಡಿದುಕೊಂಡು ಬಂದಿದ್ದಾರೆ. "ಏನ್ರೀ ಕಾಕಾ, ಅವತ್ತು ಜೀನ್ ಬದಲಾಗ್ತದ ಅಂತ ಅಂಜಿದ್ರಿ, ಇವತ್ತು ರೊಕ್ಕ ಕೊಟ್ಟು ಬದಲ್ ಮಾಡಿಸ್ಕೊಳ್ಳಾಕತ್ತೀರಲ್ಲ?" ಅಂದೆ. "ಲೇ ತಮ್ಮಾ, ಅದು ಪುಕ್ಕಟೆ ಕೊಡಾಕ ಬಂದಿದ್ರು. ಪುಕ್ಕಟೆ ಯಾರರ ಒಳ್ಳೇದು ಕೊಡ್ತಾರೇನು?" ಅಂದರು. ಇದಕ್ಕೆ ಯಾವ ಲ್ಯಾಬಿನಲ್ಲೂ ಉತ್ತರ ಇಲ್ಲ.

ಲಸಿಕೆ ಕಾಕಾನ ಜೀನ್ ತಿದ್ದುತ್ತಿರಲಿಲ್ಲ. ಪುಡಿಯೂ ತಿದ್ದುವುದಿಲ್ಲ. ಆದರೆ ಅವರಿಗೆ ಪ್ರತಿ ಸಲ ನೆಗಡಿ ಬಂದಾಗಲೂ ಜೀನ್‌ಗಳ ಕೆಲಸ ತಾನಾಗೇ ಬದಲಾಗುತ್ತಲೇ ಇದೆ, ಅವರಿಗೆ ಗೊತ್ತಿಲ್ಲ ಅಷ್ಟೇ. ಜೀನ್‌ನಲ್ಲಿ ಬರೆದದ್ದು ಹಾಗೇ ಇರುತ್ತದೆ. ಯಾವುದನ್ನು ಓದಬೇಕು, ಯಾವುದನ್ನು ಸದ್ಯಕ್ಕೆ ಮುಚ್ಚಿಡಬೇಕು ಅನ್ನೋದು ಬದಲಾಗುತ್ತದೆ. ವೈರಸ್ ಕೋಶದ ಒಳಗೆ ಬಂದು ತನ್ನ ಆರ್‌ಎನ್‌ಎ, ಅಂದರೆ ತನ್ನ ಜೀನ್ ಬರೆದ ಎಳೆ, ಬಿಚ್ಚಿದರೆ, ಅಲ್ಲಿ ರಿಗ್-ಐ ಅನ್ನುವ ಪ್ರೋಟೀನ್ ಕಾದು ಕೂತಿರುತ್ತದೆ. ಈ ಆರ್‌ಎನ್‌ಎ ನಮ್ಮ ಮನೆಯದಲ್ಲ ಅಂತ ಅದು ತುದಿ ಮುಟ್ಟಿಯೇ ಗುರುತು ಹಿಡಿಯುತ್ತದೆ. ಸುದ್ದಿ ಕೈಯಿಂದ ಕೈಗೆ ದಾಟಿ ಕೋಶಕೇಂದ್ರ ಮುಟ್ಟುತ್ತದೆ. ಅಲ್ಲಿಯವರೆಗೆ ತೆಪ್ಪಗಿದ್ದ ಇಂಟರ್‌ಫೆರಾನ್ ಜೀನ್ ಶುರುವಾಗುತ್ತದೆ.

ಆ ಜೀನ್ ಮಾಡಿದ ಇಂಟರ್‌ಫೆರಾನ್ ಅನ್ನುವ ಪ್ರೋಟೀನ್ ಕೋಶದಿಂದ ಹೊರಗೆ ಹೋಗುತ್ತದೆ. ನಲ್ಲಿ ಬಂತು ಅಂತ ಒಬ್ಬಾಕೆ ಕೂಗಿದರೆ ಇಡೀ ಓಣಿಯ ಕೊಡಗಳು ಹೊರಗೆ ಬರುತ್ತವಲ್ಲ, ಹಾಗೆ ಅಕ್ಕಪಕ್ಕದ ಕೋಶಗಳೆಲ್ಲ ತಯಾರಾಗುತ್ತವೆ. ವೈರಸ್ ಇನ್ನೂ ಅವುಗಳ ಬಾಗಿಲು ತಟ್ಟಿರುವುದೇ ಇಲ್ಲ. ನಮ್ಮಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ಅವುಗಳಲ್ಲಿ ನೂರಾರು ಜೀನ್‌ಗಳ ಕೆಲಸ ಗಂಟೆಗಳೊಳಗೆ ಏರುಪೇರಾಗುತ್ತದೆ. ಒಂದು ಜೀನ್ ಮಾಡುವ ಪ್ರೋಟೀನ್ ವೈರಸ್‌ನ ಆರ್‌ಎನ್‌ಎ ಕತ್ತರಿಸಲು ನೆರವಾಗುತ್ತದೆ. ಪಿಕೆಆರ್ ಅನ್ನುವ ಇನ್ನೊಂದು ಪ್ರೋಟೀನ್ ಅಂತೂ ಕೋಶದ ಪ್ರೋಟೀನ್ ಉತ್ಪಾದನೆಯನ್ನೇ ನಿಲ್ಲಿಸುತ್ತದೆ. ನಮಗೆ ಇಲ್ಲದಿದ್ದರೂ ಪರವಾಗಿಲ್ಲ, ವೈರಸ್‌ಗೆ ಸಿಗಬಾರದು ಅನ್ನುವ ಹಟ. ಇದೆಲ್ಲ ನಡೆಯುವಾಗ ಯಾರೂ ರಿಬ್ಬನ್ ಕತ್ತರಿಸಲ್ಲ, ಸಭೆ ಮುಂದಕ್ಕೆ ಹಾಕಲ್ಲ.

ಅಂದಹಾಗೆ, ಇಂಟರ್‌ಫೆರಾನ್ ಮಾರುವ ಹುಚ್ಚು ನಮ್ಮ ಕಲ್ಯಾಣ ಮಂಟಪದಲ್ಲೇ ಶುರುವಾಗಿದ್ದಲ್ಲ. 1957ರಲ್ಲಿ ಲಂಡನ್‌ನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಲಿಂಡೆನ್‌ಮಾನ್ ಇದನ್ನು ಕಂಡುಹಿಡಿದರು. ಕೋಳಿ ಮೊಟ್ಟೆಯೊಳಗಿನ ಪೊರೆಯ ತುಂಡುಗಳಿಗೆ, ಬಿಸಿ ಮಾಡಿ ಕೊಂದ ಫ್ಲೂ ವೈರಸ್ ಹಾಕಿದರು. ಆ ಪೊರೆ ನೆನೆದ ನೀರನ್ನು ಹೊಸ ಪೊರೆಗೆ ಹಾಕಿದರೆ, ಅದಕ್ಕೆ ವೈರಸ್ ಅಷ್ಟು ಸುಲಭವಾಗಿ ತಗಲಲಿಲ್ಲ. ಅಲ್ಲಿಂದ ಜಗತ್ತಿಗೆ ಆಸೆ ಹುಟ್ಟಿತು. 1980ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಕ್ಯಾನ್ಸರ್ ಔಷಧ ಆಗಬಹುದು ಅಂತ ಅದನ್ನು ಮುಖಪುಟಕ್ಕೇ ಏರಿಸಿತು. ಕೆಲವು ರೋಗಕ್ಕೆ ಉಪಯೋಗವೂ ಆಯಿತು, ಸುಳ್ಳಲ್ಲ. 1986ರಲ್ಲಿ ಒಂದು ಅಪರೂಪದ ರಕ್ತದ ಕ್ಯಾನ್ಸರ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೆಪಟೈಟಿಸ್ ಸಿ ರೋಗಿಗಳಿಗೆ ವರ್ಷಗಟ್ಟಲೆ ಇದನ್ನೇ ಚುಚ್ಚಿದರು. ಚುಚ್ಚಿಸಿಕೊಂಡವರಿಗೆ ಏನಾಯಿತು ಗೊತ್ತಾ? ಜ್ವರ, ಮೈಕೈ ನೋವು, ಸುಸ್ತು, ಕೆಲವರಿಗೆ ಖಿನ್ನತೆ. ಫ್ಲೂ ಇಲ್ಲದೇ ಫ್ಲೂ. ಜ್ವರ ಬಂದಾಗ ನೀವು ನರಳುವುದರಲ್ಲಿ ಒಂದು ದೊಡ್ಡ ಪಾಲು ನಿಮ್ಮದೇ ಜೀನ್‌ಗಳು ಎದ್ದು ಓಡಾಡುತ್ತಿರುವ ಸದ್ದು.

ಅಂದರೆ ಈ ಪುಡಿಯವರು ಹೇಳುವ ಹಾಗೆ 24 ತಾಸು ಜೀನ್ ಎದ್ದೇ ಇದ್ದರೆ ನೀವು ವರ್ಷಪೂರ್ತಿ ಕಂಬಳಿ ಹೊದ್ದು ಮಲಗಬೇಕು. ನಾನು ತಮಾಷೆಗೆ ಹೇಳ್ತಿಲ್ಲ. 1984ರಲ್ಲಿ ಐಕಾರ್ಡಿ ಮತ್ತು ಗೂಟಿಯೇರ್ ಅನ್ನುವ ಫ್ರೆಂಚ್ ವೈದ್ಯರು ಮಕ್ಕಳಲ್ಲಿ ಒಂದು ಕಾಯಿಲೆಯನ್ನು ಗುರುತಿಸಿದರು. ವೈರಸ್ ಇಲ್ಲದಿದ್ದರೂ ಆ ಮಕ್ಕಳಲ್ಲಿ ಇಂಟರ್‌ಫೆರಾನ್ ವ್ಯವಸ್ಥೆ ಉರಿಯುತ್ತಲೇ ಇರುತ್ತದೆ, ಹಸುಗೂಸಿನ ಮೆದುಳು ಹಾಳಾಗುತ್ತದೆ. ಆರೋಗ್ಯ ಅಂದರೆ ಬೇಕಾದಾಗ ಏಳೋದು, ಬೇಡವಾದಾಗ ಮಲಗೋದು. ನಮ್ಮ ಪುಣ್ಯಕ್ಕೆ ಆ ಪುಡಿ ಏನೂ ಮಾಡೋದಿಲ್ಲ. ಹೇಳಿದ್ದನ್ನು ನಿಜವಾಗಿ ಮಾಡಿದ್ದರೆ ಪೊಲೀಸರು ಬರಬೇಕಾಗುತ್ತಿತ್ತು.

ಡೆಂಗಿ ವೈರಸ್ ಇವರಿಗಿಂತ ಬುದ್ಧಿವಂತ. ಇಂಟರ್‌ಫೆರಾನ್ ತಂದ ಸುದ್ದಿಯನ್ನು ಕೋಶದೊಳಗೆ ಮುಟ್ಟಿಸಲು ಸ್ಟ್ಯಾಟ್-2 ಅನ್ನುವ ಪ್ರೋಟೀನ್ ಬೇಕು. ಡೆಂಗಿ ಅದನ್ನೇ ಹಿಡಿದು ನಾಶ ಮಾಡಿಸುತ್ತದೆ. ಕೂಗು ಬಂತು, ಕೇಳಿಸಿಕೊಳ್ಳುವವರಿಲ್ಲ. ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಂದ್ರದ ಏಮ್ಸ್ ಆಸ್ಪತ್ರೆ ಬೇಕು ಅಂತ 2022ರಲ್ಲಿ ಧರಣಿ ಕೂತ ಊರು ಇದು.

ಇಲ್ಲಿಯವರೆಗೆ ನಗಬಹುದು. ಇನ್ನು ಮುಂದೆ ನನಗೆ ನಗು ಬರೋದಿಲ್ಲ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಕೆಲವರಿಗೆ ಆವಾಗಲೇ ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಬೀಳುತ್ತದೆ. ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಓಡಬೇಕು. ಡೆಂಗಿಗೇ ಅಂತ ಔಷಧ ಇಲ್ಲ, ಹೊತ್ತಿಗೆ ಸರಿಯಾಗಿ ಹದ ನೋಡಿ ಕೊಡುವ ಸಲೈನ್ ಜೀವ ಉಳಿಸುತ್ತದೆ. ಪುಡಿ ತಿಂದವರು ಏನು ಮಾಡುತ್ತಾರೆ? ಜ್ವರ ಇಳೀತು, ಪುಡಿ ಹಿಡೀತು ಅಂತ ಮನೆಯಲ್ಲೇ ಕೂರುತ್ತಾರೆ. ಹಳ್ಳಿಯಿಂದ ಮಗುವನ್ನು ಬೈಕಿನ ನಡುವೆ ಕೂರಿಸಿಕೊಂಡು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಆ ಪಾಂಪ್ಲೆಟ್ಟಿನವರು ಅಷ್ಟೊತ್ತಿಗೆ ಬೇರೆ ಊರಿನ ಕಲ್ಯಾಣ ಮಂಟಪ ಬುಕ್ ಮಾಡಿರುತ್ತಾರೆ. ಕೇಳುವವರು ಯಾರು?

ಸರ್ಕಾರದ ಕಡೆಯಿಂದ ಏನೂ ಆಗಿಲ್ಲ ಅನ್ನೋಕಾಗಲ್ಲ. ಫಾಗಿಂಗ್ ಆಗಿದೆ. ಹೊಗೆ ಚೆನ್ನಾಗಿ ಬಂತು, ಫೋಟೋ ಅದಕ್ಕಿಂತ ಚೆನ್ನಾಗಿ ಬಂತು. ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ಡ್ರಮ್ಮಿನ ನೀರಿನಲ್ಲಿರುವ ಮರಿಯನ್ನಲ್ಲ. ಡೆಂಗಿಯ ಈಡಿಸ್ ಸೊಳ್ಳೆಗೆ ಚರಂಡಿಗಿಂತ ಮನೆಯಲ್ಲಿ ತುಂಬಿಟ್ಟ ನೀರೇ ಇಷ್ಟ. ಎಡಕ್ಕೆ ಕೃಷ್ಣೆ, ಬಲಕ್ಕೆ ತುಂಗಭದ್ರೆ. ನಡುವೆ ಕೂತ ನಾವು ಡ್ರಮ್ಮು, ಹಂಡೆ, ಸಿಂಟೆಕ್ಸು, ಹಳೆ ಪೇಂಟಿನ ಬಕೆಟ್ಟು, ಸಿಕ್ಕಿದ್ದರಲ್ಲೆಲ್ಲ ನೀರು ಹಿಡಿದಿಡುತ್ತೇವೆ. ಮತ್ತೆ ಯಾವಾಗ ಬಿಡ್ತಾರೋ! ಬಿಟ್ಟ ನೀರಿನ ಕಥೆಯೂ ಗೊತ್ತಿದೆ. 2022ರಲ್ಲಿ ಇದೇ ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತರು. ಆಗ ಯಾವ ಜೀನ್ ಮಲಗಿತ್ತು?

ಮೊನ್ನೆ ನಮ್ಮ ಓಣಿಗೆ ಲಾರ್ವಾ ಸರ್ವೆಗೆ ಆಶಾ ಕಾರ್ಯಕರ್ತೆ ಬಂದಿದ್ದರು. ಟಾರ್ಚ್ ಹಿಡಿದು ಒಂದು ಡ್ರಮ್ಮಿಗೆ ಇಣುಕಿದರು. ಒಳಗೆ ಹುಳಗಳು ಡೊಂಕು ಡೊಂಕಾಗಿ ಮೇಲೆ ಕೆಳಗೆ ಆಡುತ್ತಿದ್ದವು. "ಯಕ್ಕಾ, ಇದನ್ನ ಚೆಲ್ಲಿ, ತಿಕ್ಕಿ ಒಣಗಿಸ್ರಿ" ಅಂದರು. ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು, "ನೀ ನಾಳಿಗಿ ನೀರು ಬಿಡಿಸವ್ವಾ, ನಾ ಈಗ ಚೆಲ್ತೀನಿ" ಅಂದಳು. ಪಾಪ ಆಶಾ ಏನು ಹೇಳಬೇಕು? ಅವರ ಮನೆಯಲ್ಲೂ ಅದೇ ಡ್ರಮ್ಮು. ರಿಜಿಸ್ಟರ್ ತೆಗೆದು "ಅರಿವು ಮೂಡಿಸಲಾಯಿತು" ಅಂತ ಬರೆದುಕೊಂಡು ಪಕ್ಕದ ಮನೆಗೆ ಹೋದರು.