ಆ ಒಂದು ನಿಮಿಷವನ್ನು ಕತ್ತರಿಸಿದವರಿಗೆ

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. 2022ರ ಆಗಸ್ಟ್ 2ರಂದು ತಮ್ಮ 94ನೇ ವಯಸ್ಸಿನಲ್ಲಿ ತೀರಿಕೊಂಡ ಬೇಸ್‌ಬಾಲ್ ವೀಕ್ಷಕ ವಿವರಣೆಗಾರ ವಿನ್ ಸ್ಕಲಿ ಅವರ ನೆನಪಿನ ಕಾರ್ಯಕ್ರಮವೊಂದನ್ನು ಟಿವಿಯಲ್ಲಿ ನೋಡುತ್ತಿದ್ದೆ. 1988ರ ವರ್ಲ್ಡ್ ಸೀರೀಸ್‌ನ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯ, ಮೊದಲ ಪಂದ್ಯದ ತುಣುಕು ಬಂತು. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ತಂಡ 4-3ರಿಂದ ಹಿಂದಿದೆ, ಕೊನೆಯ ಇನಿಂಗ್ಸ್, ಇಬ್ಬರು ಔಟ್. ಎರಡೂ ಕಾಲು ನೋಯುತ್ತಿದ್ದ ಕರ್ಕ್ ಗಿಬ್ಸನ್ ಕುಂಟುತ್ತಾ ಬಂದು ಚೆಂಡನ್ನು ಮೈದಾನದಾಚೆ ಅಟ್ಟಿ ಹೋಮ್ ರನ್ ಹೊಡೆದ. ಚೆಂಡು ಹೋಯಿತೆಂದು ಹೇಳಿದ ಸ್ಕಲಿ, ಆಮೇಲೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ತುಟಿ ಬಿಚ್ಚಲಿಲ್ಲ. ಕ್ರೀಡಾಂಗಣವೇ ಕೂಗುತ್ತಿತ್ತು, ಅವರು ಕೂಗಲು ಬಿಟ್ಟರು. ನಂತರ ಹೇಳಿದ್ದು: "ಇಷ್ಟೊಂದು ಅಸಂಭವಗಳು ನಡೆದ ವರ್ಷದಲ್ಲಿ, ಅಸಾಧ್ಯವೂ ನಡೆದುಹೋಯಿತು."

ನಿನ್ನೆ ಆ ವಾಕ್ಯವನ್ನು ಕೇಳಿಸಿದರು. ಅದರ ಹಿಂದಿನ ನಿಮಿಷವನ್ನು ಕತ್ತರಿಸಿ ಎಸೆದಿದ್ದರು! ಆ ಮನುಷ್ಯನ ಅತ್ಯುತ್ತಮ ಕೆಲಸವನ್ನೇ ತೆಗೆದುಹಾಕಿ ಅವರಿಗೆ ಶ್ರದ್ಧಾಂಜಲಿ ಸಲ್ಲಿಸುವುದು ಹೇಗೆ ಸಾಧ್ಯ?

ನಾನು ಆಕಾಶವಾಣಿಯಲ್ಲಿ ಕ್ರಿಕೆಟ್ ಕೇಳುತ್ತಾ ಬೆಳೆದವನು, ಗೆಳೆಯರಿಗೆ ಗೊತ್ತು. ಲಾಸ್ ಏಂಜಲೀಸ್‌ಗೆ ಬಂದ ಹೊಸತರಲ್ಲಿ ಬೇಸ್‌ಬಾಲ್‌ನ ತಲೆಬುಡ ತಿಳಿಯುತ್ತಿರಲಿಲ್ಲ. ಕಚೇರಿಯಿಂದ ಮನೆಗೆ ಬರುವಾಗ ಕಾರಿನ ರೇಡಿಯೊದಲ್ಲಿ ಆಟ ಕಲಿಸಿದವರು ಸ್ಕಲಿ. ನನ್ನಂಥವರು ಈ ಊರಿನಲ್ಲಿ ಮೊದಲೂ ಇದ್ದರು. 1958ರಲ್ಲಿ ತಂಡ ಬ್ರೂಕ್ಲಿನ್‌ನಿಂದ ಇಲ್ಲಿಗೆ ಬಂದಾಗ, ಕೊಲಿಸಿಯಂ ಕ್ರೀಡಾಂಗಣದಲ್ಲಿ ಕುಳಿತು ಕಣ್ಣೆದುರೇ ಆಟ ನೋಡುತ್ತಿದ್ದ ಜನ ಕೈಯಲ್ಲಿ ಟ್ರಾನ್ಸಿಸ್ಟರ್ ಹಿಡಿದು ಅವರನ್ನು ಕೇಳುತ್ತಿದ್ದರು.

ಅವರು ಮಾತು ಕಡಿಮೆ ಆಡಿದವರಲ್ಲ. 1950ರಿಂದ 2016ರವರೆಗೆ 67 ಋತು! ಡಾಡ್ಜರ್ಸ್ ಪ್ರಸಾರದಲ್ಲಿ ಪಕ್ಕದಲ್ಲಿ ಜೊತೆಗಾರನಿಲ್ಲದೆ ಒಬ್ಬರೇ ಕುಳಿತು ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಎದುರಾಳಿ ತಂಡದ ಪಿಚರ್ (ಚೆಂಡು ಎಸೆಯುವ ಆಟಗಾರ) ಮ್ಯಾಡಿಸನ್ ಬಮ್‌ಗಾರ್ನರ್ ಹಾವನ್ನು ಕೊಂದು, ಅದು ನುಂಗಿದ್ದ ಮೊಲದ ಮರಿಯನ್ನು ಉಳಿಸಿದ ಕಥೆಯನ್ನು ಎಸೆತಗಳ ನಡುವೆ ಬಿಡಿಬಿಡಿಯಾಗಿ ಹೇಳಿದ್ದರು. ಕಥೆ ಓಡುತ್ತಲೇ ಇತ್ತು, ಆಟವೂ ತಪ್ಪಲಿಲ್ಲ. ಅಷ್ಟು ಮಾತು ಬಲ್ಲವರು ಸುಮ್ಮನಾದರೆ ಅದು ಮಾತು ಸಿಗದೆ ಆದ ಮೌನವಲ್ಲ.

1974ರ ಏಪ್ರಿಲ್ 8ರಂದು ಅಟ್ಲಾಂಟಾದಲ್ಲಿ ಹ್ಯಾಂಕ್ ಆರನ್ ತಮ್ಮ 715ನೇ ಹೋಮ್ ರನ್ ಹೊಡೆದು ಬಿಳಿಯ ದಿಗ್ಗಜ ಬೇಬ್ ರೂತ್ ದಾಖಲೆ ಮುರಿದಾಗಲೂ ಹಾಗೆಯೇ. ಕೊಲೆ ಬೆದರಿಕೆಯ ಪತ್ರಗಳನ್ನು ಓದುತ್ತಾ ಆಡಿದವರು ಆರನ್. ಸ್ಕಲಿ ಮೊದಲು ಜನರ ಸದ್ದನ್ನು ಕೇಳಿಸಿದರು. ಆಮೇಲೆ, ಅಮೆರಿಕದ ದಕ್ಷಿಣದ ಈ ನೆಲದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂದರು. ಆ ಚಪ್ಪಾಳೆ ಕಿವಿಗೆ ಬಿದ್ದಿದ್ದರಿಂದಲೇ ಆ ಮಾತಿಗೆ ತೂಕ ಬಂತು.

ಇದೆಲ್ಲ ಅವರಿಗೆ ಬಾಲ್ಯದಿಂದ ಬಂದದ್ದು. ನ್ಯೂಯಾರ್ಕಿನ ಮನೆಯಲ್ಲಿದ್ದ ದೊಡ್ಡ ರೇಡಿಯೊದ ಅಡಿಯಲ್ಲಿ ಮಲಗಿ, ಜನಸ್ತೋಮದ ಗದ್ದಲ ಮೈಮೇಲೆ ಸುರಿಯುವುದನ್ನು ಅನುಭವಿಸುತ್ತಿದ್ದ ಹುಡುಗ ಅವರು. ದೊಡ್ಡವರಾದ ಮೇಲೆ ಆ ಸುಖವನ್ನು ನಮಗೆ ದಾಟಿಸಿದರು. ಈಗಿನ ಪ್ರಸಾರಗಳಲ್ಲಿ ಇಬ್ಬರು ಮೂವರು ಸೇರಿ, ಚೆಂಡು ಗಾಳಿಯಲ್ಲಿರುವಾಗಲೇ ಕಿರುಚಲು ಶುರು ಮಾಡಿ ಆ ಸುಖವನ್ನು ನಮ್ಮಿಂದ ಕಸಿದುಕೊಳ್ಳುತ್ತಾರೆ. ಇದು ನನಗೆ ಸಹಿಸಲು ಆಗುತ್ತಿಲ್ಲ.

ಈಗಿನ ಪ್ರೇಕ್ಷಕರಿಗೆ ತಾಳ್ಮೆಯಿಲ್ಲ, ಸದ್ದು ನಿಂತರೆ ಚಾನೆಲ್ ಬದಲಿಸುತ್ತಾರೆ ಎಂದು ಕೆಲವರು ವಾದಿಸುತ್ತಾರೆ. ಆದರೆ ಸದ್ದು ಎಲ್ಲಿ ನಿಂತಿತು? ಗಿಬ್ಸನ್ ಬೇಸ್‌ಗಳನ್ನು ಸುತ್ತಿದ ಹೊತ್ತಿನಲ್ಲಿ ಕ್ರೀಡಾಂಗಣಕ್ಕಿಂತ ದೊಡ್ಡ ಸದ್ದು ಯಾರ ಗಂಟಲಲ್ಲಿತ್ತು? ಪ್ರೇಕ್ಷಕರನ್ನು ದೂರುವ ಬದಲು ಮೈಕ್ ಮುಂದೆ ಕುಳಿತವರು ತಮ್ಮ ಆತಂಕವನ್ನು ನೋಡಿಕೊಳ್ಳಲಿ.

ಒಂದು ವಿಷಯ ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡ ವರ್ಷ ಇಲ್ಲಿ ನನಗೆ ಯಾರೊಂದಿಗೂ ಮಾತು ಬೇಡವಾಗಿತ್ತು. ಆಗ ಸಂಜೆ ಹೊತ್ತು ಕೇಳಲು ಸಾಧ್ಯವಾದದ್ದು ಈ ಒಂದೇ ದನಿ. ಅವರು ನನ್ನಿಂದ ಏನನ್ನೂ ಕೇಳುತ್ತಿರಲಿಲ್ಲ, ನಡುವೆ ಸುಮ್ಮನಿರಲೂ ಬಿಡುತ್ತಿದ್ದರು. ಆದ್ದರಿಂದ ನನ್ನ ಸಿಟ್ಟು ಅತಿಯಾಯಿತೆಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ.

1965ರ ಸೆಪ್ಟೆಂಬರ್ 9ರಂದು ಡಾಡ್ಜರ್ಸ್ ಪಿಚರ್ ಸ್ಯಾಂಡಿ ಕೂಫ್ಯಾಕ್ಸ್, ಎದುರಾಳಿಗಳು 27 ಸಲ ಬ್ಯಾಟ್ ಹಿಡಿದು ಬಂದರೂ ಒಬ್ಬರನ್ನೂ ಮೊದಲ ಬೇಸ್ ಮುಟ್ಟಲು ಬಿಡಲಿಲ್ಲ. ಆ ಪಂದ್ಯದ ಕೊನೆಯ ಇನಿಂಗ್ಸ್‌ಗೆ ಸ್ಕಲಿ ಕೊಟ್ಟ ರೇಡಿಯೊ ವಿವರಣೆ ಅಂತರ್ಜಾಲದಲ್ಲಿ ಸಿಗುತ್ತದೆ. ಗಡಿಯಾರ ನೋಡಿ 9:46 ಎಂದು ಸಮಯವನ್ನೂ ಹೇಳುತ್ತಾರೆ. ಬೇಸ್‌ಬಾಲ್ ಗೊತ್ತಿಲ್ಲದ ಗೆಳೆಯರೂ ಕೇಳಿ, ಎಲ್ಲೂ ಮುಂದಕ್ಕೆ ಓಡಿಸದೆ ಕೇಳಿ. ನಿಯಮ ಅರ್ಥವಾಗದಿದ್ದರೆ ನನಗೆ ಕರೆ ಮಾಡಿ, ಒಂದೊಂದು ಎಸೆತವನ್ನೂ ಬಿಡಿಸಿ ಹೇಳುತ್ತೇನೆ.