ಸ್ಪಷ್ಟನೆ: ಒಬಾಮಾ ಆರೋಗ್ಯ ಮಸೂದೆ ಬಿದ್ದುಹೋಗಿರಲಿಲ್ಲ

‘ಮ್ಯಾಸಚೂಸೆಟ್ಸ್ ಉಪಚುನಾವಣೆ ಸೋತಿದ್ದಕ್ಕೆ ಒಬಾಮಾ ಆರೋಗ್ಯ ಮಸೂದೆ ಸತ್ತೇಹೋಯಿತು’ ಎಂಬ ಸಂದೇಶವನ್ನು ನಿನ್ನೆ ನಾನೂ ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು. ಹೆಚ್ಚು ಅಮೆರಿಕನ್ನರಿಗೆ ಆರೋಗ್ಯ ವಿಮೆ ಸಿಗಲೆಂದು ಅಂದಿನ ಅಧ್ಯಕ್ಷ ಒಬಾಮಾ ಮುಂದಿಟ್ಟ ಮಸೂದೆ ಅದು.

ಒಬಾಮಾರ ಡೆಮಾಕ್ರಟಿಕ್ ಪಕ್ಷದ ಸೆನೆಟರ್ ಟೆಡ್ ಕೆನಡಿ ನಿಧನದಿಂದ ತೆರವಾದ ಮ್ಯಾಸಚೂಸೆಟ್ಸ್ ರಾಜ್ಯದ ಸೀಟನ್ನು 2010ರ ಜನವರಿ 19ರಂದು ರಿಪಬ್ಲಿಕನ್ ಸ್ಕಾಟ್ ಬ್ರೌನ್ ಗೆದ್ದಿದ್ದು ನಿಜ. ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಡೆಮಾಕ್ರಟಿಕ್ ಬಣದ ಬಲ 60ರಿಂದ 59ಕ್ಕಿಳಿಯಿತು. ಅಲ್ಲಿ ಚರ್ಚೆ ಮುಗಿಸಿ ಮಸೂದೆಯನ್ನು ಮತಕ್ಕೆ ಹಾಕಲು 60 ಸದಸ್ಯರ ಬೆಂಬಲ ಬೇಕು. ಹಾಗಾಗಿ ಮಸೂದೆ ಎರಡು ತಿಂಗಳು ತೂಗುಯ್ಯಾಲೆಯಲ್ಲಿತ್ತು, ಅಷ್ಟೇ.

ಆದರೆ ಸೆನೆಟ್ ಅದನ್ನು 2009ರ ಡಿಸೆಂಬರ್ 24ರಂದೇ ಪಾಸು ಮಾಡಿತ್ತಲ್ಲ! ಕೆಳಮನೆ ಅದೇ ಪ್ರತಿಯನ್ನು 2010ರ ಮಾರ್ಚ್ 21ರಂದು 219–212 ಮತಗಳಿಂದ ಒಪ್ಪಿತು; ಹಾಗಾಗಿ ಅದು ಮತ್ತೆ ಸೆನೆಟ್‌ಗೆ ಹೋಗಬೇಕಿರಲಿಲ್ಲ. 23ರಂದು ಒಬಾಮಾ ಸಹಿ. ತಿದ್ದುಪಡಿಗಳು ಸರಳ ಬಹುಮತ ಸಾಕಾಗುವ ಬಜೆಟ್ ದಾರಿಯಲ್ಲಿ ಬಂದವು. ಈ ತಾರೀಕು, ಮತಲೆಕ್ಕ ಎಲ್ಲ ಅಮೆರಿಕ ಸಂಸತ್ತಿನ ದಾಖಲೆಯಲ್ಲೇ ಇವೆ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ. ನನ್ನದನ್ನು ಅಳಿಸಿದ್ದೇನೆ.